ಎಡಗಾಲಿಗೆ ಟವೆಲ್ ಕಟ್ಟಿಸಿಕೊಂಡ ದಿನ

“ಕಲ್ಲು ಕೊಡ್ಲಾ ಸಿದ್ದ! ಚಕ್ರಕ್ಕೆ ಕಲ್ಲು ಕೊಡು!”

ಮಾದಪ್ಪಣ್ಣ ಕೂಗುವ ಹೊತ್ತಿಗೆ ನಾನು ಕಲ್ಲು ಎತ್ತಿಕೊಂಡು ಓಡುತ್ತಿದ್ದೆ. ನಮ್ಮ ಶೆಡ್ಡಿನ ಮುಂದಿನ ಏರಿನಲ್ಲಿ ಕಾರು ಹಿಂದಕ್ಕೆ ಜಾರುತ್ತಿತ್ತು. ಕೆಳಗೆ ಊಟಿ ರಸ್ತೆ. ಬಸ್ಸು, ತರಕಾರಿ ಲಾರಿ ಬಿಡುವಿಲ್ಲದೆ ಓಡುವ ರಸ್ತೆ. ಸ್ಟಿಯರಿಂಗ್ ಹಿಡಿದು ಕೂತಿದ್ದವರು ಪುಟ್ಟಸ್ವಾಮಣ್ಣ. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಗೌರಮ್ಮಕ್ಕ. ತೊಡೆಯ ಮೇಲೆ ಊಟದ ಡಬ್ಬಿ.

ಹಿಂದಿನ ಚಕ್ರಕ್ಕೆ ಕಲ್ಲು ತಳ್ಳಿದೆ. ಅಷ್ಟರಲ್ಲಿ ಅವರು ಆಕ್ಸಿಲರೇಟರ್ ತುಳಿದರು. ಇಂಜಿನ್ ಕಿರುಚಿತು. ಒಂದು ಕ್ಷಣ ಕಾರು ಅಲ್ಲಾಡಲಿಲ್ಲ. ಆಮೇಲೆ ಒಂದೇ ಏಟಿಗೆ ಮುಂದಕ್ಕೆ ನೆಗೆದು, ಶೆಡ್ಡಿನೊಳಗೆ ನುಗ್ಗಿ, ಹಳೆ ಟಯರ್ ರಾಶಿಗೆ ಗುದ್ದಿ ನಿಂತಿತು. ಮೇಲಿದ್ದ ಒಂದು ಟಯರ್ ಉರುಳಿ ಬಂದು ಬಾನೆಟ್ ಮೇಲೆ ಕೂತಿತು.

ಗೌರಮ್ಮಕ್ಕ ಬಾಗಿಲು ತೆಗೆದು ಇಳಿದರು. ಡಬ್ಬಿ ಚೆಲ್ಲಿರಲಿಲ್ಲ. ನನ್ನ ಮುಂದೆ ಬಂದು ನಿಂತರು.

“ಲಾರಿಲಿ ಒಂದು ಕಾಲು ಓಯ್ತು. ಇನ್ನೊಂದು ಯಾಕಿರ್ಬೇಕು ಅಂತ ಈ ಗಾಡಿ ರೆಡಿ ಮಾಡ್ಕೊಟ್ಟಿದ್ದೀಯೇನಪ್ಪ?”

ಅವರು ಗಂಡನ ಕಡೆ ತಿರುಗಿದರು.

“ಇನ್ನತ್ತು ದಿನುಕ್ಕೆ ಚಾಮರಾಜನಗರದಲ್ಲಿ ಸಾಹೇಬ್ರ ಮುಂದೆ ಓಡುಸ್ಬೇಕು ಅಂದ್ರಲ್ಲ, ಅಲ್ಲೂ ಇಂಗೇ ಇಂದುಕ್ಕೆ ಓದ್ರೆ ಈ ಗಾಡಿ ನಮ್ಮ ಬಾಗ್ಲಿಗೆ ಬರಕೂಡ್ದು. ಮಾರ್ಬುಡಿ. ಇನ್ನೊಂದ್ಸಲ ಆಸ್ಪತ್ರೆ ಬಾಗ್ಲಲ್ಲಿ ಕೂರಕೆ ನನ್ ಕೈಲಾಗಕಿಲ್ಲ.”

ಪುಟ್ಟಸ್ವಾಮಣ್ಣ ಸ್ಟಿಯರಿಂಗ್ ಬಿಟ್ಟಿರಲಿಲ್ಲ. “ಆಯ್ತು ಗೌರಿ,” ಅಂದರು. ಅಷ್ಟೇ.

ತಪ್ಪು ಅವರದಲ್ಲ. ನನ್ನದು. ಈ ಕೆಲಸಕ್ಕೆ ಬರುವ ಹುಡುಗರು ಓದಲಿ ಅಂತ ಅದನ್ನೇ ಬರೆಯುತ್ತಿದ್ದೇನೆ.

ನಾನು ಉಮ್ಮತ್ತೂರಿನವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಕೂಲಿ ಮಾಡಿದೆ, ಲಾರಿ ಕ್ಲೀನರ್ ಆದೆ. ಆಮೇಲೆ ಗುಂಡ್ಲುಪೇಟೆಯಲ್ಲಿ ಮಾದಪ್ಪಣ್ಣನ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೆಲಸ. ಈಗ ವಯಸ್ಸು ಮೂವತ್ತಮೂರು. ರಿಟೈರ್ ಆಗಿದ್ದೇನೆ. ನಗಬೇಡಿ. ಬೆನ್ನು ಹೋಗಿದೆ. ಬಸ್‌ಸ್ಟಾಪಿನ ಹತ್ತಿರ ಅಂಗಡಿ ಇಟ್ಟುಕೊಂಡು ಕೂತಿದ್ದೇನೆ. ಹತ್ತು ಕೆಜಿ ಸಕ್ಕರೆ ಚೀಲವನ್ನೂ ಬೇರೆಯವರು ಇಳಿಸಿಕೊಡಬೇಕು.

ಬೆನ್ನು ಯಾಕೆ ಹೋಯಿತು ಅಂದರೆ, ನಾವು ಗೇರ್‌ಬಾಕ್ಸನ್ನು ಎದೆಯ ಮೇಲೆ ಇಳಿಸಿಕೊಳ್ಳುತ್ತಿದ್ದೆವು. ಕಾರಿನ ಕೆಳಗೆ ಅಂಗಾತ ಮಲಗುವುದು, ಬೋಲ್ಟ್ ಬಿಚ್ಚುವುದು, ಎರಡೂ ಕೈ ಕೊಟ್ಟು ಮಗು ಎತ್ತಿಕೊಂಡ ಹಾಗೆ ಎದೆಗೆ ತಗೊಂಡು ಪಕ್ಕಕ್ಕೆ ಹೊರಳುವುದು. ಜ್ಯಾಕ್ ಇತ್ತು. ಜ್ಯಾಕ್ ಹಾಕುವವನು ಕೈಲಾಗದವನು ಅಂತ ನಮ್ಮ ಲೆಕ್ಕ. ನೀವು ಜ್ಯಾಕ್ ಹಾಕಿ.

ಇನ್ನು ಕನ್ವರ್ಟರ್. ಎರಡು ಫ್ಯಾನ್ ಎದುರುಬದುರು ಇಡಿ. ಒಂದನ್ನು ಮಾತ್ರ ಓಡಿಸಿ. ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಜಾಗದಲ್ಲಿ ಎಣ್ಣೆ ಹಾಕಿ, ಎರಡನ್ನೂ ಒಂದು ಕಬ್ಬಿಣದ ಚಿಪ್ಪಿನಲ್ಲಿ ಮುಚ್ಚಿ ವೆಲ್ಡ್ ಮಾಡಿದರೆ ಅದೇ ಟಾರ್ಕ್ ಕನ್ವರ್ಟರ್. ಮಧ್ಯೆ ಇನ್ನೊಂದು ಸಣ್ಣ ಚಕ್ರ ಇರುತ್ತದೆ. ಅದು ವಾಪಸ್ ಬರುವ ಎಣ್ಣೆಯನ್ನು ತಿರುಗಿಸಿ ಮತ್ತೆ ತಳ್ಳಲು ಕೊಡುತ್ತದೆ. ಗಾಡಿ ಹೊರಡುವಾಗ ಬಲ ಹೆಚ್ಚುವುದು ಅದರಿಂದ. ನೋಡಲು ಕುಂಬಳಕಾಯಿ ಥರ. ಶೆಡ್ಡಿನಲ್ಲಿ ಅದರ ಹೆಸರೂ ಕುಂಬಳಕಾಯಿಯೇ. ಆಟೊಮ್ಯಾಟಿಕ್ ಗಾಡಿಗೆ ಕ್ಲಚ್ ಪೆಡಲ್ ಇಲ್ಲದಿರುವುದು ಈ ಕುಂಬಳಕಾಯಿ ಇರುವುದರಿಂದ.

ಬ್ರೇಕ್ ಬಲವಾಗಿ ಹಿಡಿದು ಆಕ್ಸಿಲರೇಟರ್ ಪೂರ್ತಿ ಕೊಟ್ಟರೆ ಇಂಜಿನ್ ಒಂದು ಮಟ್ಟದವರೆಗೆ ಏರಿ ನಿಲ್ಲುತ್ತದೆ. ಅದು ಸ್ಟಾಲ್. ಮನೆ ಓಡಾಟದ ಕಾರಿನಲ್ಲಿ ಎರಡು ಸಾವಿರದ ಆಚೆಈಚೆ. ರೇಸಿನ ಗಾಡಿಗೆ ಬೇಕೆಂದೇ ಮೂರು ಸಾವಿರಕ್ಕೆ ಏರಿಸುತ್ತಾರೆ. ಯಾಕೆಂದರೆ ಅಂಥ ಇಂಜಿನ್‌ಗೆ ಕೆಳಗೆ ಬಲ ಇಲ್ಲ. ಅದು ಮೇಲಕ್ಕೆ ಹೋಗಿ ಬಲ ಬರುವವರೆಗೆ ಕನ್ವರ್ಟರ್ ಸಡಿಲವಾಗಿರಬೇಕು. ಬಲ ಬಂದ ಮೇಲೆ ಕಚ್ಚಬೇಕು. ಆಗ ಬೆನ್ನು ಸೀಟಿಗೆ ಅಂಟುತ್ತದೆ. ಹೈ ಸ್ಟಾಲ್ ಅಂದರೆ ಇಷ್ಟೇ.

ಈ ಕಾರು ಮೊದಲು ಗಡಿಯಾಚೆ ಬತ್ತೇರಿಯ ಮಲಯಾಳಿ ಜೋಸಣ್ಣನದು. ಹಿಂದಿನ ಚಕ್ರ ಎಳೆಯುವ ಹಳೆ ಸೆಡಾನ್. ರಜೆ ಬಂದರೆ ನೇರ ಟ್ರ್ಯಾಕಿನಲ್ಲಿ ರೇಸಿಗೆ ಬಿಡುತ್ತಿದ್ದರು. ಒಂದು ಸಲ ಎಲ್ಲಿಂದಲೋ ಸೆಕೆಂಡ್‌ಹ್ಯಾಂಡ್ ಕನ್ವರ್ಟರ್ ತಂದರು. ಮೇಲೆ ಚೀಟಿ ಅಂಟಿಸಿತ್ತು, ಮೂರು ಸಾವಿರ ಅಂತ. ಹಾಕಿದೆ. ಮೀಟರಿನ ಮುಳ್ಳು ಎರಡು ಸಾವಿರದ ಮುನ್ನೂರಕ್ಕೆ ನಿಂತಿತು. ಮಾರಿದವನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ.

ಮಾದಪ್ಪಣ್ಣ ಟೀ ಕುಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದ. ಫೋನ್ ಇಟ್ಟ ಮೇಲೆ ಕೇಳಿದ, “ಬೈದು ಮುಗೀತಾ?”

“ಮುಗೀತು.”

“ಈಗ ಇನ್ನೊಂದ್ಸಲ ಫೋನ್ ಮಾಡಿ ತಪ್ಪಾಯ್ತು ಅನ್ನು. ಕುಂಬ್ಳಕಾಯ್ಗೆ ಸ್ವಂತ ನಂಬರ್ ಅನ್ನೋದು ಇಲ್ಲ ಕಣ್ಲಾ. ಇಂದೆ ನಿಂತು ತಳ್ಳೋನ ಬಲ ನೋಡ್ಕಂಡು ಅದು ನಿಂತ್ಕತದೆ. ಆ ಚೀಟಿ ಬರೆದೋನ ಇಂಜಿನ್ ದೊಡ್ದು. ನಿಂದು ಸಣ್ದು.”

ನಿಜ. ಅದೇ ಕನ್ವರ್ಟರ್ ಜೋರಿನ ಇಂಜಿನ್ ಹಿಂದೆ ಮೂರು ಸಾವಿರ ತೋರಿಸುತ್ತದೆ, ಸಾಧಾರಣ ಇಂಜಿನ್ ಹಿಂದೆ ಕಡಿಮೆ ತೋರಿಸುತ್ತದೆ. ಚೀಟಿ ನಂಬಬೇಡಿ. ಯಾವ ಇಂಜಿನ್ನು, ಎಷ್ಟು ತೂಕದ ಗಾಡಿ ಅಂತ ಮೊದಲು ಕೇಳಿ.

ಆಮೇಲೆ ಮಾದಪ್ಪಣ್ಣ ಅದನ್ನು ಲೇತಿಗೆ ಕಟ್ಟಿ ವೆಲ್ಡಿನ ಮೇಲೆ ಸುತ್ತ ಕತ್ತರಿಸಿ ಎರಡು ಹೋಳು ಮಾಡಿದ. ಒಳಗಿನ ರೆಕ್ಕೆಗಳನ್ನು ತಿರುಗುವ ದಿಕ್ಕಿಗೆ ಎದುರಾಗಿ ಒಂದೊಂದೇ ಬಗ್ಗಿಸಿದ. ಹಾಗೆ ಬಗ್ಗಿಸಿದರೆ ಸ್ಟಾಲ್ ಏರುತ್ತದೆ. ಎದ್ದು ನಿಲ್ಲಿಸಿದರೆ ಇಳಿಯುತ್ತದೆ. ಎಲ್ಲ ರೆಕ್ಕೆಯೂ ಒಂದೇ ಸಮ ಇರಬೇಕು. ಮಾದಪ್ಪಣ್ಣನಿಗೆ ಅಳತೆಪಟ್ಟಿ ಬೇಡ, ಹೆಬ್ಬೆರಳು ಸಾಕು. ಸ್ಟಾಲ್ ಮೂರು ಸಾವಿರಕ್ಕೆ ಏರಿತು. ಈಗಿನ ಹುಡುಗರು ಗಾಡಿಗೆ ಸ್ಕ್ಯಾನರ್ ಚುಚ್ಚಿ ಎಣ್ಣೆ ಎಷ್ಟು ಬಿಸಿ, ಎಷ್ಟು ಜಾರುತ್ತಿದೆ ಎಲ್ಲ ನೋಡುತ್ತಾರೆ. ಒಳ್ಳೆಯದೇ. ನಾವು ಕಡ್ಡಿ ಎಳೆದು ಎಣ್ಣೆ ಮೂಸುತ್ತಿದ್ದೆವು. ಕೆಂಪಗಿದ್ದರೆ ಸರಿ. ಕಂದು ಬಣ್ಣ ಬಂದು ಸೀದ ವಾಸನೆ ಹೊಡೆದರೆ ಒಳಗೆ ಸುಟ್ಟಿದೆ ಅಂತ.

ಆ ವಾಸನೆಯನ್ನು ನಾನೇ ಮಾಡಿಕೊಟ್ಟೆ. ಕನ್ವರ್ಟರ್ ಸಡಿಲ ಮಾಡಿದರೆ ಜಾರುವುದು ಹೆಚ್ಚು. ಜಾರಿದ ಬಲವೆಲ್ಲ ಬಿಸಿಯಾಗಿ ಎಣ್ಣೆಗೆ ಹೋಗುತ್ತದೆ. ಅದಕ್ಕೆ ಬೇರೆ ಕೂಲರ್ ಹಾಕಬೇಕು. ನಾನು ಹಾಕಲಿಲ್ಲ. ಜೋಸಣ್ಣ ನಮ್ಮ ಗಡಿಯ ಮದ್ದೂರು ಕಾಡಿನ ದಾರಿಯಲ್ಲಿ ಊರಿಗೆ ಹೊರಟರು. ಅಲ್ಲಿ ಹೆಜ್ಜೆಗೊಂದು ಹಂಪು. ಜೋರು ಹೋಗುವ ಹಾಗಿಲ್ಲ, ನಿಲ್ಲಿಸುವ ಹಾಗೂ ಇಲ್ಲ. ಹೈ ಸ್ಟಾಲ್ ಗಾಡಿಗೆ ನಿಧಾನದ ಓಡಾಟವೇ ಶತ್ರು. ಅರ್ಧ ಗಂಟೆಗೆ ಫೋನ್ ಬಂತು.

“ಸಿದ್ದೂ, ಇಲ್ಲಿ ಎಣ್ಣೆ ಎಲ್ಲ ಹೊರಗೆ ಬಂತು. ಎದುರಿಗೆ ಆನೆ ಉಂಟು.”

“ಎಷ್ಟು ದೂರದಲ್ಲಿದೆ ಜೋಸಣ್ಣ?”

“ದೂರ ಇಲ್ಲ ಮೋನೇ. ನನ್ನನ್ನೇ ನೋಡ್ತಾ ಉಂಟು!”

ಆನೆ ತನ್ನ ಪಾಡಿಗೆ ಹೋಯಿತು. ಜೋಸಣ್ಣ ಫಾರೆಸ್ಟಿನವರ ಜೀಪಿನಲ್ಲಿ ಬಂದರು. ನಾನು ಕೂಲರ್ ಹಾಕಿದೆ. ಮಾದಪ್ಪಣ್ಣ ಒಂದು ವಾರ ನನ್ನನ್ನು ‘ಆನೆ’ ಅಂತಲೇ ಕರೆದ.

ಎರಡು ವರ್ಷದ ಮೇಲೆ ಜೋಸಣ್ಣ ಬೇರೆ ಗಾಡಿ ತಗೊಂಡರು. ಇದನ್ನು ಬೇಗೂರಿನ ಪುಟ್ಟಸ್ವಾಮಣ್ಣನಿಗೆ ಕೊಟ್ಟರು.

ಪುಟ್ಟಸ್ವಾಮಣ್ಣ ಇಪ್ಪತ್ತು ವರ್ಷ ಕಲ್ಲಿನ ಲಾರಿ ಓಡಿಸಿದವರು. ಚಾಮರಾಜನಗರದ ಕರಿಕಲ್ಲಿನ ಕ್ವಾರಿಯಿಂದ ದಿಮ್ಮಿ ಹೊತ್ತು ಇಳಿಯುವ ಲಾರಿ. ಒಂದು ಅಪಘಾತದಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಪ್ಲಾಸ್ಟಿಕ್ ಕಾಲು ಹಾಕಿಕೊಂಡು ನಡೆಯುತ್ತಾರೆ. ಆದರೆ ಆ ಕಾಲಿಗೆ ಪೆಡಲ್ ಎಷ್ಟು ಒತ್ತಿದೆ ಅಂತ ಗೊತ್ತಾಗುವುದಿಲ್ಲ. ಕ್ಲಚ್ ಆಗದು. ನಾಲ್ಕು ವರ್ಷ ಮನೆಯಲ್ಲಿ ಕೂತರು. ಎಲ್ಲಿಗೆ ಹೋಗಬೇಕಾದರೂ ಯಾರದಾದರೂ ಬೈಕಿನ ಹಿಂದೆ ಕೂರಬೇಕು. ಲೈಸೆನ್ಸನ್ನು ಆಟೊಮ್ಯಾಟಿಕ್‌ಗೆ ಹೊಸದಾಗಿ ಮಾಡಿಸಬೇಕಿತ್ತು. ಅದಕ್ಕೇ ಆ ಟೆಸ್ಟು.

“ಬೇರೆ ಆಟೊಮ್ಯಾಟಿಕ್ ಸಿಕ್ಕಿರದಲ್ಲ ಅಣ್ಣ, ಈ ಕುದ್ರೆನೇ ಯಾಕೆ?” ಅಂತ ಕೇಳಿದ್ದೆ.

“ಇಪ್ಪತ್ತು ವರ್ಸ ಒಂದ್ ಗಾಡಿನೂ ಓವರ್‌ಟೇಕ್ ಮಾಡ್ನಿಲ್ಲ ಕಣ್ಲಾ. ಕಲ್ಲು ಒತ್ಕಂಡು ಎಲ್ರಿಗೂ ದಾರಿ ಬುಟ್ಟೆ. ಒಂದ್ಸಲ ಇಂಗೆ ಬೆನ್ನು ಇಂದುಕ್ಕೆ ಬೀಳಂಗೆ ಓಗ್ಬೇಕು. ಒಂದೇ ಸಲ ಸಾಕು.”

ನಾನು ಎಣ್ಣೆ ಬದಲಿಸಿದೆ, ಕೂಲರ್ ತೊಳೆದೆ, ಎಡಗಾಲಲ್ಲಿ ಬ್ರೇಕ್ ಬಲಗಾಲಲ್ಲಿ ಆಕ್ಸಿಲರೇಟರ್ ಹಿಡಿದು ಸ್ಟಾಲ್ ನೋಡಿದೆ. ಹಾಗೇ ಎರಡು ಕಾಲಿನಲ್ಲಿ ನಮ್ಮ ಏರನ್ನೂ ಹತ್ತಿಸಿದೆ. ಬೆಣ್ಣೆ ಥರ ಹತ್ತಿತು. “ಏನೂ ಯೋಚ್ನೆ ಮಾಡ್ಬೇಡಿ, ಓಡ್ಸಿ ನೋಡಿ” ಅಂತ ಕೀ ಕೊಟ್ಟೆ. ಆಮೇಲೆ ಆದದ್ದನ್ನು ಮೊದಲೇ ಹೇಳಿದ್ದೇನೆ.

ಗೌರಮ್ಮಕ್ಕ ಡಬ್ಬಿ ಹಿಡಿದು ಬಸ್ಸಿಗೆ ಹೋದರು. ಪುಟ್ಟಸ್ವಾಮಣ್ಣ ಬಾನೆಟ್ ಮೇಲಿನ ಟಯರ್ ಇಳಿಸಿ ಅದರ ಮೇಲೆ ಕೂತರು. ನಾನು ಕನ್ವರ್ಟರ್ ತೆಗೆದು ಕಂಪನಿಯದೇ ಮಾಮೂಲಿದು ಹಾಕೋಣ ಅಂದೆ.

ಮಾದಪ್ಪಣ್ಣ ಹೆಗಲ ಮೇಲಿನ ಟವೆಲ್ ತೆಗೆದ. “ಮೊದ್ಲು ಗಾಡಿ ಒಳಿಕ್ಕೆ ಕೂತ್ಕ. ಎಡಗಾಲು ಮಡ್ಚು.”

“ಯಾಕಣ್ಣ?”

“ಮಡ್ಚ್ಲಾ.”

ಪಾದವನ್ನು ತೊಡೆಗೆ ಸೇರಿಸಿ ಬಿಗಿಯಾಗಿ ಕಟ್ಟಿದ. “ಈಗ ಅತ್ತುಸು.”

ಏರಿನ ಮಧ್ಯೆ ನಿಲ್ಲಿಸಿದೆ. ಬಲಗಾಲು ಬ್ರೇಕ್ ಮೇಲೆ. ಹೊರಡಬೇಕಾದರೆ ಅದೇ ಕಾಲು ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ಗೆ ಹೋಗಬೇಕು. ಮಾಮೂಲಿ ಆಟೊಮ್ಯಾಟಿಕ್ ಆದರೆ ಆ ಒಂದು ಕ್ಷಣ ಗಾಡಿ ತಾನೇ ತೆವಳುತ್ತಾ ನಿಂತುಕೊಳ್ಳುತ್ತದೆ. ಈ ಸಡಿಲ ಕನ್ವರ್ಟರ್‌ನಲ್ಲಿ ತೆವಳುವ ಬಲವೇ ಇಲ್ಲ. ಕಾಲು ಎತ್ತಿದ ತಕ್ಷಣ ಹಿಂದಕ್ಕೆ ಹೊರಟಿತು. ಗಾಬರಿಯಿಂದ ತುಳಿದೆ. ಮುಳ್ಳು ಏರಿತು, ಗಾಡಿ ಇನ್ನೂ ಹಿಂದಕ್ಕೇ, ಆಮೇಲೆ ನೆಗೆತ. ಪುಟ್ಟಸ್ವಾಮಣ್ಣನಿಗೆ ಆದದ್ದೇ ನನಗೂ ಆಯಿತು. ಅಷ್ಟು ಹೊತ್ತೂ ಟವೆಲಿನೊಳಗೆ ನನ್ನ ಎಡಪಾದ ಬ್ರೇಕ್ ಒತ್ತುತ್ತಿತ್ತು. ಸಿಗದ ಬ್ರೇಕನ್ನು.

ಇಳಿದು ಗಾಡಿಗೆ ಒರಗಿ ನಿಂತೆ. ಪುಟ್ಟಸ್ವಾಮಣ್ಣ ನನ್ನ ಕಟ್ಟಿದ ಕಾಲನ್ನೇ ನೋಡುತ್ತಿದ್ದರು.

“ಬ್ರೇಕ್ ಉಡುಕ್ತದೆ ಅಲ್ವ ಕಾಲು?” ಅಂದರು.

“ಊಂ.”

“ನಂದೂ ಉಡುಕ್ತದೆ. ಇಲ್ದಿರೋದು. ನಾಕು ವರ್ಸ ಆಯ್ತು, ಇನ್ನೂ ಉಡುಕ್ತದೆ.”

ಮಾದಪ್ಪಣ್ಣ ಅವರ ಮುಂದೆ ಕುಕ್ಕರಗಾಲಲ್ಲಿ ಕೂತ.

“ಪುಟ್ಸಾಮಿ, ಲೋಡ್ ಲಾರಿನ ಏರಲ್ಲಿ ಎಂಗೆ ಎತ್ತುತಿದ್ದೆ?”

ಅವರು ಬಾಯಲ್ಲಿ ಹೇಳಲಿಲ್ಲ. ಎಡಗೈ ತಾನೇ ಎದ್ದಿತು. ಗಾಳಿಯಲ್ಲಿ ಇಲ್ಲದ ಹ್ಯಾಂಡ್‌ಬ್ರೇಕ್ ಕಡ್ಡಿಯನ್ನು ಎಳೆದು ಹಿಡಿಯಿತು. ಬಲಪಾದ ನೆಲ ಒತ್ತಿತು. ಆಮೇಲೆ ಎಡಗೈ ಮೆಲ್ಲಗೆ, ಮಲಗಿದ ಮಗುವಿನ ಕೈಯಿಂದ ಏನೋ ಬಿಡಿಸಿಕೊಳ್ಳುವ ಹಾಗೆ, ಕಡ್ಡಿ ಬಿಟ್ಟಿತು.

“ಮೊದ್ಲೇ ಯೋಳ್ಬಾರ್ದಾಗಿತ್ತಾ ಅಣ್ಣ?” ಅಂತ ಪುಟ್ಟಸ್ವಾಮಣ್ಣನನ್ನು ಕೇಳಿದೆ.

“ನೀನು ಕೇಳ್ನಿಲ್ಲ. ಬಂದೋರೆಲ್ಲ ಕಾಲ್ನೇ ನೋಡ್ತರೆ. ಕೈ ಯಾರು ನೋಡ್ತರೆ?”

ಹುಡುಗರಿಗೆ ಹೇಳಬೇಕಾದ ಮುಖ್ಯ ಮಾತು ಇದು. ಗಾಡಿ ಪರೀಕ್ಷೆ ಮಾಡುವಾಗ ನಿಮ್ಮ ಕೈಕಾಲಿನಿಂದ ಮಾಡಬೇಡಿ. ಓಡಿಸುವವರ ಕೈಕಾಲಿನಿಂದ ಮಾಡಿ.

ಕಾರಿನ ಮಾಮೂಲಿ ಹ್ಯಾಂಡ್‌ಬ್ರೇಕ್ ಈ ಇಂಜಿನ್ನನ್ನು ತಡೆಯುವುದಿಲ್ಲ. ಅದು ನಿಲ್ಲಿಸಿಟ್ಟ ಗಾಡಿಗೆ ಮಾತ್ರ. ಹಿಂದಿನ ಎರಡು ಚಕ್ರಕ್ಕೆ ಬೇರೆ ಬ್ರೇಕ್ ಲೈನ್ ಎಳೆದು ಅದಕ್ಕೊಂದು ಕೈ ಕಡ್ಡಿ ಕೊಟ್ಟೆವು. ಕಡ್ಡಿಯನ್ನು ಮಾದಪ್ಪಣ್ಣ ಗುಜರಿಗೆ ಹೋದ ಒಂದು ಲಾರಿಯಿಂದ ಕತ್ತರಿಸಿ ತಂದ. ಹಿಡಿ ಯಾರದೋ ಕೈಯಲ್ಲಿ ಸವೆದು ನುಣ್ಣಗಾಗಿತ್ತು. “ಒಸ ಕಬ್ಬುಣ ಅವ್ನ ಕೈಗೆ ಇಡ್ಸಕಿಲ್ಲ,” ಅಂದ. ಬದಲಾವಣೆಗೆ ಬೇಕಾದ ಕಾಗದಪತ್ರ ಪುಟ್ಟಸ್ವಾಮಣ್ಣ ಓಡಾಡಿ ಮಾಡಿಸಿಕೊಂಡರು.

ಸ್ಟಾಲನ್ನೂ ಸ್ವಲ್ಪ ಇಳಿಸಬೇಕಿತ್ತು. ಟೆಸ್ಟಿನಲ್ಲಿ ನಿಧಾನ ಓಡಬೇಕಲ್ಲ. ಪೂರ್ತಿ ಇಳಿಸಿದರೆ ಅವರು ಆಸೆಪಟ್ಟ ನೆಗೆತ ಹೋಗುತ್ತದೆ. ಗೇರ್‌ಬಾಕ್ಸ್ ಇಳಿಸಿ, ಕನ್ವರ್ಟರ್ ಕತ್ತರಿಸಿ, ರೆಕ್ಕೆ ಸ್ವಲ್ಪ ಎಬ್ಬಿಸಿ, ವೆಲ್ಡ್ ಮಾಡಿ, ಲೀಕ್ ನೋಡಿ, ತೂಕ ಸಮ ಮಾಡಿ ಹಾಕಿದೆ. ಟವೆಲ್ ಕಟ್ಟಿಕೊಂಡು ಓಡಿಸಿದೆ. ಇನ್ನೂ ಸಡಿಲ. ಮತ್ತೆ ಇಳಿಸಿದೆ. ಈ ಸಲ ಗಟ್ಟಿ ಜಾಸ್ತಿಯಾಯಿತು, ಕೊಟ್ಟರೂ ನೆಗೆಯುತ್ತಿರಲಿಲ್ಲ. ಮೂರನೇ ಸಲ ಇಳಿಸಿದೆ. ಎರಡು ಸಾವಿರದ ಐನೂರಕ್ಕೆ ಬಂದು ನಿಂತಿತು. ಏರಿನಲ್ಲಿ ಕೈಬ್ರೇಕ್ ಹಿಡಿದು ಸ್ವಲ್ಪ ಕೊಟ್ಟರೆ ಗಾಡಿ ಹಿಂಭಾಗ ತಗ್ಗಿಸಿ ಕಾಯುತ್ತದೆ. ಬಿಟ್ಟರೆ ಹೊರಡುತ್ತದೆ. ಒಂದು ಇಂಚೂ ಹಿಂದಕ್ಕಿಲ್ಲ.

ಆ ಮೂರನೇ ಸಲ ಗೇರ್‌ಬಾಕ್ಸನ್ನು ಎದೆಯಿಂದ ಮೇಲಕ್ಕೆ ಎತ್ತುವಾಗ ಸೊಂಟದಲ್ಲಿ ಏನೋ ಕಳಚಿತು. ಬಲಗಾಲಿಗೆ ಬೆಂಕಿ ಇಟ್ಟ ಹಾಗಾಯಿತು. ಬೋಲ್ಟ್ ಬಿಗಿ ಮಾಡಿಯೇ ಹೊರಗೆ ಬಂದೆ. ಯಾರಿಗೂ ಹೇಳಲಿಲ್ಲ. ಅದೇ ನಾನು ಎತ್ತಿದ ಕೊನೆಯ ಗೇರ್‌ಬಾಕ್ಸ್. ಇದು ದೊಡ್ಡಸ್ತಿಕೆ ಅಂತ ತಿಳಿಯಬೇಡಿ. ಜ್ಯಾಕ್ ಮೂರು ಹೆಜ್ಜೆ ದೂರದಲ್ಲಿತ್ತು.

ಟೆಸ್ಟಿನ ದಿನ ಕಾರನ್ನು ಚಾಮರಾಜನಗರಕ್ಕೆ ಮಾದಪ್ಪಣ್ಣ ಓಡಿಸಿಕೊಂಡು ಬಂದ. ನಾನು ಅದೇ ಟವೆಲನ್ನು ಸೊಂಟಕ್ಕೆ ಬಿಗಿದುಕೊಂಡು ಪಕ್ಕದಲ್ಲಿ ಕೂತಿದ್ದೆ. ಹಿಂದೆ ಗಂಡ ಹೆಂಡತಿ. ದಾರಿಯುದ್ದಕ್ಕೂ ಗೌರಮ್ಮಕ್ಕ ಕಿಟಕಿಯ ಆಚೆ ನೋಡುತ್ತಿದ್ದರು.

ಮೊದಲು ನಿಧಾನ ಓಡಿಸುವುದು, ತಿರುಗಿಸುವುದು. ಅದು ಸರಿಹೋಯಿತು. ಆಮೇಲೆ ಏರು. ಇನ್‌ಸ್ಪೆಕ್ಟರ್ ಸಾಹೇಬರು ಪಕ್ಕದಲ್ಲಿ ಕೂತರು. ಮಧ್ಯೆ ನಿಲ್ಲಿಸಲು ಹೇಳಿದರು. ನಾನು ಕೆಳಗೆ ನಿಂತಿದ್ದೆ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು, “ಏಯ್, ಅದ್ಯಾಕಯ್ಯ ಕೈಲಿ ಕಲ್ಲು?”

“ಅಭ್ಯಾಸ ಸಾರ್.”

“ಬಿಸಾಕು ಅತ್ಲಾಗೆ. ನಾನು ಒಳಗೆ ಕೂತಿದ್ದೀನಿ, ನೀನು ಕಲ್ಲು ಹಿಡ್ಕೊಂಡು ನಿಂತಿದ್ದೀಯ!”

ನಾನು ಬಿಸಾಡಲಿಲ್ಲ. ಬೆನ್ನ ಹಿಂದೆ ಹಿಡಿದುಕೊಂಡೆ.

ಹಿಂದಿನ ಗಾಜಿನಿಂದ ಪುಟ್ಟಸ್ವಾಮಣ್ಣನ ಎಡಭುಜ ಕಾಣುತ್ತಿತ್ತು. ಅದು ಹಿಂದಕ್ಕೆ ಬಂತು. ಇಂಜಿನ್ ದನಿ ಏರಿತು. ಗಾಡಿ ಹಿಂಭಾಗ ತಗ್ಗಿತು. ನನ್ನ ಕಣ್ಣು ಚಕ್ರದ ಮೇಲೆ. ಭುಜ ಮೆಲ್ಲಗೆ ಮುಂದಕ್ಕೆ ಹೋಯಿತು. ಚಕ್ರ ಮುಂದಕ್ಕೇ ತಿರುಗಿತು. ತುಂಬಿದ ಕೊಡ ಹೊತ್ತವರು ನಡೆದ ಹಾಗೆ ಕಾರು ಏರು ಹತ್ತಿ ಹೋಯಿತು.

ಸಾಹೇಬರು ಇಳಿದು ಸಹಿ ಹಾಕುತ್ತಾ, “ಲಾರಿಯವರಾ?” ಅಂದರು.

“ಹೂಂ ಸಾರ್. ಲಾರಿಯವ್ನೇ,” ಅಂದರು ಪುಟ್ಟಸ್ವಾಮಣ್ಣ. ‘ಆಗಿದ್ದೆ’ ಅನ್ನಲಿಲ್ಲ.

ಲೈಸೆನ್ಸ್ ಕೈಗೆ ಬಂದ ಮೇಲೆ ಒಂದು ಭಾನುವಾರ ಪುಟ್ಟಸ್ವಾಮಣ್ಣ ತಾವು ಕಲ್ಲು ಹೊರುತ್ತಿದ್ದ ಕ್ವಾರಿಯ ಮಾಲೀಕರನ್ನು ಕೇಳಿ ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿ ದಿಮ್ಮಿ ಸಾಗಿಸುವ ನೇರ ದಾರಿ ಇದೆ. ಭಾನುವಾರ ಒಂದು ನರಪಿಳ್ಳೆಯೂ ಇರುವುದಿಲ್ಲ. ಮಾದಪ್ಪಣ್ಣನೂ ನಾನೂ ದಾರಿಯ ಬದಿಯಲ್ಲಿ ನಿಂತೆವು.

“ಇಳ್ಕ ಗೌರಿ, ಇಲ್ಲೇ ಇವ್ರ್ ಜೊತೆ ನಿಂತಿರು,” ಅಂದರು ಪುಟ್ಟಸ್ವಾಮಣ್ಣ.

“ನಾನ್ಯಾಕೆ ಇಳೀಲಿ? ಓಗದಾದ್ರೆ ಇಬ್ರೂ ಓಗನ.” ಗೌರಮ್ಮಕ್ಕ ಬೆಲ್ಟ್ ಎಳೆದು ಹಾಕಿಕೊಂಡರು.

ಪುಟ್ಟಸ್ವಾಮಣ್ಣ ಕೈ ಕಡ್ಡಿ ಎಳೆದರು. ಇಂಜಿನ್ ಏರಿತು, ಎರಡು ಸಾವಿರದ ಐನೂರು, ಮೀಟರ್ ನೋಡದೆ ದನಿಯಲ್ಲೇ ಗೊತ್ತಾಯಿತು. ಗಾಡಿ ಮೈ ಬಿಗಿ ಹಿಡಿದು ನಡುಗಿತು. ಕೈ ಬಿಟ್ಟರು. ಆಮೇಲೆ ಧೂಳು ಬಿಟ್ಟರೆ ಏನೂ ಕಾಣಲಿಲ್ಲ. ದನಿ ಮಾತ್ರ ದೂರ ಹೋಯಿತು.

ಮಾದಪ್ಪಣ್ಣ ಆ ದನಿಯ ಕಡೆ ಕಿವಿ ಕೊಟ್ಟು, “ರೆಕ್ಕೆ ಸಮ ಐತೆ ಕಣ್ಲಾ,” ಅಂದ. ಹದಿನಾಲ್ಕು ವರ್ಷದಲ್ಲಿ ನನ್ನ ಕೆಲಸಕ್ಕೆ ಅವನು ಹೇಳಿದ ಒಂದೇ ಒಳ್ಳೆಯ ಮಾತು.

ಕಾರು ತಿರುಗಿ ಮೆಲ್ಲಗೆ ಬಂದು ನಮ್ಮ ಮುಂದೆ ನಿಂತಿತು. ಗಾಜು ಇಳಿದಿತ್ತು. ಗೌರಮ್ಮಕ್ಕ ಮುಂದಕ್ಕೇ ನೋಡುತ್ತಾ ಕೂತಿದ್ದರು, ಕೂದಲೆಲ್ಲ ಕೆದರಿತ್ತು. ಪುಟ್ಟಸ್ವಾಮಣ್ಣ ಅವರ ಕಡೆ ತಿರುಗಿದರು.

“ಎದ್ರುಕಂಡಾ ಗೌರಿ?”

ಅವರು ಸೆರಗು ಸರಿಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಇನ್ನೊಂದ್ಸಲ ಬುಡಿ,” ಅಂದರು.

ನನ್ನ ಕೈಯಲ್ಲಿ ಅವತ್ತೂ ಒಂದು ಕಲ್ಲಿತ್ತು. ಕೆಳಗೆ ಹಾಕಿದೆ.

ಅಷ್ಟೇ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.